ಮಸೂರ ಮಗುವಿನ ಕೈಯಲ್ಲಿರಲಿ

ಪ್ರತಿವರ್ಷ ಫೆಬ್ರವರಿ 28ರಂದು ನಮ್ಮ ಜಿಲ್ಲೆಯ ಶಾಲಾ ಕಾಲೇಜುಗಳಲ್ಲಿ ರಾಷ್ಟ್ರೀಯ ವಿಜ್ಞಾನ ದಿನಾಚರಣೆ ನಡೆಯುತ್ತದೆ. ಸರ್ ಸಿ. ವಿ. ರಾಮನ್ ಅವರ ಭಾವಚಿತ್ರಕ್ಕೆ ಹೂಮಾಲೆ, ಅತಿಥಿಗಳಿಗೆ ಶಾಲು ಮತ್ತು ಹಣ್ಣಿನ ಬುಟ್ಟಿ, ಒಂದೆರಡು ಭಾಷಣ, ಕೊನೆಗೆ ವಂದನಾರ್ಪಣೆ. 1928ರ ಆ ದಿನ ರಾಮನ್ ಅವರು ಬೆಳಕಿನ ಚದುರಿಕೆಯ ಬಗ್ಗೆ ಹೊಸ ಸತ್ಯವೊಂದನ್ನು ಕಂಡುಕೊಂಡರು, ಅದರ ಸ್ಮರಣೆಗಾಗಿ 1987ರಿಂದ ಈ ದಿನವನ್ನು ಆಚರಿಸಲಾಗುತ್ತಿದೆ ಎಂಬುದನ್ನು ಭಾಷಣಕಾರರು ತಪ್ಪದೆ ಹೇಳುತ್ತಾರೆ. ಆದರೆ ಸಭೆಯ ಮುಂದುಗಡೆ ಜಮಖಾನದ ಮೇಲೆ ಕುಳಿತ ಮಕ್ಕಳ ಪೈಕಿ ಎಷ್ಟು ಮಂದಿ ಒಂದು ಮಸೂರವನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿದ್ದಾರೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಬರುವ ಉತ್ತರ ಆ ದಿನದ ಸಂಭ್ರಮಕ್ಕೆ ಶೋಭೆ ತರುವಂಥದ್ದಲ್ಲ.

ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ಬೆಳಕಿಗೆ ಎರಡು ಅಧ್ಯಾಯಗಳು ಮೀಸಲಾಗಿವೆ. ಒಂದು ಪ್ರತಿಫಲನ ಮತ್ತು ವಕ್ರೀಭವನವನ್ನು ಕುರಿತದ್ದು, ಮತ್ತೊಂದು ಮಾನವನ ಕಣ್ಣು ಮತ್ತು ವರ್ಣಮಯ ಜಗತ್ತನ್ನು ಕುರಿತದ್ದು. ಗುಬ್ಬಿಯ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಈ ಎರಡು ಅಧ್ಯಾಯಗಳ ಕಿರಣಚಿತ್ರಗಳನ್ನು ಸ್ಕೇಲು ಪೆನ್ಸಿಲ್ ಹಿಡಿದು ಅಚ್ಚುಕಟ್ಟಾಗಿ ಬರೆಯಬಲ್ಲಳು, ಅಂಕವನ್ನೂ ಪಡೆಯಬಲ್ಲಳು. ಬರೆದದ್ದು ಏನೆಂದು ಅವಳ ಕಣ್ಣು ಮಾತ್ರ ಕಂಡಿರುವುದಿಲ್ಲ. ಮಸೂರ ಎಂಬ ಪದವನ್ನೇ ತೆಗೆದುಕೊಳ್ಳಿ. ಅದು ನಮ್ಮ ಅಡುಗೆ ಮನೆಯ ಚನ್ನಂಗಿ ಕಾಳಿನ ಸಂಸ್ಕೃತ ಹೆಸರು. ಲ್ಯಾಟಿನ್ ಭಾಷೆಯಲ್ಲಿ ಲೆನ್ಸ್ ಎಂದರೂ ಅದೇ ಕಾಳು. ನಡುವೆ ಉಬ್ಬಿ ಅಂಚಿನಲ್ಲಿ ತೆಳ್ಳಗಾಗುವ ಗಾಜಿನ ಬಿಲ್ಲೆ ಆ ಕಾಳಿನಂತೆ ಕಂಡುದರಿಂದ ಅದಕ್ಕೆ ಆ ಹೆಸರು ಬಂತು. ಒಂದು ಹಿಡಿ ಕಾಳನ್ನೂ ಒಂದು ಗಾಜಿನ ಬಿಲ್ಲೆಯನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಪೀನ ಮಸೂರದ ವ್ಯಾಖ್ಯಾನವನ್ನು ಬಾಯಿಪಾಠ ಮಾಡುವ ಶ್ರಮವೇ ಇರುವುದಿಲ್ಲ. ತೋರಿಸುವವರಿಲ್ಲದೆ ಪದ ಉರುವಾಗುತ್ತದೆ, ಪದಾರ್ಥ ದೂರ ಉಳಿಯುತ್ತದೆ.

ಇದಕ್ಕೆ ಹಳ್ಳಿಯ ಶಾಲೆಯ ಶಿಕ್ಷಕರನ್ನು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರನ್ನೂ ಒಬ್ಬರೇ ಬೋಧಿಸಬೇಕು. ಜೊತೆಗೆ ಬಿಸಿಯೂಟದ ಲೆಕ್ಕ, ಗಣತಿ ಕೆಲಸ, ಚುನಾವಣಾ ಕೆಲಸ. ಇರುವ ಒಂದೆರಡು ಮಸೂರಗಳು ಒಡೆದರೆ ಲೆಕ್ಕ ಕೊಡಬೇಕಾದವರೂ ಅವರೇ ಆದ್ದರಿಂದ ಅವು ಬೀರುವಿನಲ್ಲಿಯೇ ಭದ್ರವಾಗಿರುತ್ತವೆ. ಹಾಗಾದರೆ ಈ ಕೊರತೆಯನ್ನು ತುಂಬಬಲ್ಲವರು ಯಾರು? ಕಾಲೇಜಿನಲ್ಲಿಯೂ ವಿಶ್ವವಿದ್ಯಾನಿಲಯದಲ್ಲಿಯೂ ಓದುತ್ತಿರುವ ನಮ್ಮ ಮಕ್ಕಳೇ ಎಂಬುದು ಈ ಲೇಖನದ ವಾದ.

ಇದು ಹೊಸ ಕಲ್ಪನೆಯೇನಲ್ಲ. ಅಮೆರಿಕದಲ್ಲಿ 1916ರಲ್ಲಿ ಹುಟ್ಟಿದ ಆಪ್ಟಿಕಲ್ ಸೊಸೈಟಿ ಎಂಬ ಸಂಸ್ಥೆ (2021ರಿಂದ ಅದರ ಹೆಸರು ಆಪ್ಟಿಕಾ) ಮತ್ತು 1955ರಲ್ಲಿ ಸ್ಥಾಪನೆಯಾದ ಎಸ್‌ಪಿಐಇ ಎಂಬ ಸಂಸ್ಥೆ, ಇವೆರಡಕ್ಕೂ ಜಗತ್ತಿನ ನಾನಾ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿ ಶಾಖೆಗಳಿವೆ. ಬೆಳಕಿನ ಶಾಸ್ತ್ರವನ್ನು ಓದುವ ಯುವಕ ಯುವತಿಯರು ಅಲ್ಲಿ ಸಂಘ ಕಟ್ಟಿಕೊಂಡು, ತಮ್ಮ ಓದಿನ ಜೊತೆಗೆ, ಸುತ್ತಲ ಶಾಲೆಗಳಿಗೆ ಮಸೂರ, ಕನ್ನಡಿ, ಪಟ್ಟಕಗಳನ್ನು ಹೊತ್ತು ಹೋಗುತ್ತಾರೆ. ಇಂಥ ಕೆಲಸಕ್ಕೆ ಆ ಸಂಸ್ಥೆಗಳು ಧನಸಹಾಯವನ್ನೂ ಕೊಡುತ್ತವೆ. ನೆರೆಯ ಕೇರಳದ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯದಲ್ಲಿ ಬೆಳಕಿನ ತಂತ್ರಜ್ಞಾನಕ್ಕೆಂದೇ ಒಂದು ವಿಭಾಗವಿದ್ದು, ಅಲ್ಲಿಯೂ ಇಂಥ ವಿದ್ಯಾರ್ಥಿ ಶಾಖೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಟಾಟಾ ಇನ್ಸ್ಟಿಟ್ಯೂಟ್, ವರ್ಷಕ್ಕೊಂದು ದಿನ ಸಾರ್ವಜನಿಕರಿಗೆ ಬಾಗಿಲು ತೆರೆದಾಗ ಸಂಶೋಧನ ವಿದ್ಯಾರ್ಥಿಗಳೇ ಮಕ್ಕಳ ಎದುರು ನಿಂತು ಪ್ರಯೋಗ ತೋರಿಸುತ್ತಾರೆ. 2017ರಲ್ಲಿ ಹಾಸನದ ರೈಲು ಮಾರ್ಗ ತೆರೆದ ಮೇಲೆ ಕುಣಿಗಲ್ಲಿನವರಿಗೂ ಅಲ್ಲಿಗೆ ಹೋಗಿಬರುವುದು ಕಷ್ಟವಲ್ಲ. ಆದರೂ ಜಾತ್ರೆಯಂಥ ಜನಜಂಗುಳಿಯಲ್ಲಿ ಒಂದು ದಿನ ಇಣುಕಿ ಬಂದ ಮಗುವಿಗೆ ದಕ್ಕುವುದು ಬೆರಗು ಮಾತ್ರ. ಬೆರಗು ಬೇಕು, ಅದರ ಬೆನ್ನಿಗೆ ಅಭ್ಯಾಸವೂ ಬೇಕು.

ದೊಡ್ಡ ವಿಜ್ಞಾನಿಗಳನ್ನೇ ಕರೆಸಬಾರದೇಕೆ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಕರೆಸೋಣ. ರಾಮನ್ ಅವರೇ 1968ರಲ್ಲಿ ಅಹಮದಾಬಾದಿನಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಆಕಾಶ ನೀಲಿಯಾಗಿರುವುದೇಕೆ ಎಂಬ ವಿಷಯದ ಮೇಲೆ ಎಲ್ಲರಿಗೂ ತಿಳಿಯುವಂತೆ ಉಪನ್ಯಾಸ ಮಾಡಿದ್ದರು. ಆದರೆ ಹದಿನಾಲ್ಕರ ಹುಡುಗ ಎಪ್ಪತ್ತರ ಪ್ರೊಫೆಸರರ ಎದುರು ಕೈಕಟ್ಟಿ ಕೂರುತ್ತಾನೆಯೇ ಹೊರತು ಬಾಯಿ ಬಿಡುವುದಿಲ್ಲ. ಇಪ್ಪತ್ತರ ಹರೆಯದ ಅಣ್ಣನನ್ನೋ ಅಕ್ಕನನ್ನೋ ಆತ ಧೈರ್ಯವಾಗಿ ಕೇಳುತ್ತಾನೆ. ಅದರಲ್ಲಿಯೂ ಆ ಅಕ್ಕ ಅದೇ ತಾಲ್ಲೂಕಿನವಳಾಗಿ, ಅದೇ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಯ ಮೊದಲ ವರ್ಷ ಇಂಗ್ಲಿಷಿನ ಪುಸ್ತಕಗಳ ಜೊತೆ ಒದ್ದಾಡಿ ಮೇಲೆ ಬಂದವಳಾದರೆ, ಸಂಗಮ ದೂರ ಎಂಬುದಕ್ಕೂ ಇಂಗ್ಲಿಷಿನ ಹೆಸರಿಗೂ ಸೇತುವೆ ಹಾಕಿಕೊಡಲು ಅವಳಿಗಿಂತ ಸಮರ್ಥರು ಸಿಗಲಾರರು. ಇನ್ನೊಂದು ಲಾಭವೂ ಉಂಟು. ಕಲಿಸಲು ಹೊರಟವರು ತಾವು ಕಲಿತದ್ದನ್ನು ಮತ್ತೊಮ್ಮೆ ಕಲಿಯುತ್ತಾರೆ. ಪದವಿ ಪರೀಕ್ಷೆಯಲ್ಲಿ ಸೂತ್ರ ಬರೆದು ಉತ್ತೀರ್ಣರಾದ ಎಷ್ಟೋ ಮಂದಿಗೆ, ಮಗುವೊಂದು ಏಕೆ ಎಂದು ಕೇಳಿದಾಗಲೇ ತಮ್ಮ ಅರಿವಿನ ತಳ ಗೋಚರವಾಗುವುದು.

ಏನನ್ನು ಕಲಿಸಬೇಕು ಎಂಬುದಕ್ಕೆ ದುಬಾರಿ ಸಲಕರಣೆ ಬೇಡ. ಹಗಲು ಹೊತ್ತಿನಲ್ಲಿ ಕೋಣೆಯ ಬಾಗಿಲು ಹಾಕಿ, ಬೀದಿಗೆ ತೆರೆದ ಒಂದೇ ಕಿಟಕಿಯ ಎದುರು ಗೋಡೆಯ ಬಳಿ ಪೀನ ಮಸೂರವನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಸರಿಸಿದರೆ, ಒಂದು ನಿಶ್ಚಿತ ದೂರದಲ್ಲಿ ಸುಣ್ಣದ ಗೋಡೆಯ ಮೇಲೆ ಬೀದಿಯೇ ಮೂಡುತ್ತದೆ. ಎದುರು ಮನೆಯ ಹೆಂಚು, ತೆಂಗಿನ ಮರ, ಹಾದುಹೋಗುವ ಬಸ್ಸು, ಎಲ್ಲವೂ ಬಣ್ಣ ಸಮೇತ, ಆದರೆ ತಲೆಕೆಳಗಾಗಿ! ಮರದ ತುದಿ ನೆಲದ ಕಡೆಗೆ, ಆಕಾಶ ಪಾದದ ಕಡೆಗೆ. ಆ ದೂರವನ್ನು ಸ್ಕೇಲಿನಿಂದ ಅಳೆದರೆ ಅದೇ ಸಂಗಮ ದೂರ. ಪಠ್ಯದಲ್ಲಿರುವ ಪ್ರಯೋಗವೇ ಇದು. ಚಿತ್ರ ತಲೆಕೆಳಗಾದುದೇಕೆ ಎಂದು ಮಗು ಕೇಳದೆ ಇರದು. ನಿನ್ನ ಕಣ್ಣಿನ ಹಿಂಬದಿಯ ಪರದೆಯ ಮೇಲೆ ಬೀಳುವ ಚಿತ್ರವೂ ತಲೆಕೆಳಗಾದುದೇ, ಅದನ್ನು ನೆಟ್ಟಗೆ ಓದುವುದು ಮಿದುಳು ಎಂದು ಹೇಳಿದಾಗ ಅದರ ಮುಖ ನೋಡಬೇಕು. ಒಂದು ಎಚ್ಚರಿಕೆ ಮಾತ್ರ ಮೊದಲೇ ಹೇಳಿರಬೇಕು: ಮಸೂರದ ಮೂಲಕ ಸೂರ್ಯನ ಕಡೆಗೆ ಎಂದೂ ಕಣ್ಣು ಹಾಯಿಸಬಾರದು.

ಹಿತ್ತಾಳೆ ಬಟ್ಟಲಿನ ತಳದಲ್ಲಿ ನಾಣ್ಯವಿಟ್ಟು, ಅದು ಮರೆಯಾಗುವಷ್ಟು ಹಿಂದೆ ಸರಿದು ನಿಂತು, ಗೆಳೆಯನಿಂದ ನೀರು ಹಾಕಿಸಿದರೆ ನಾಣ್ಯ ತಾನಾಗಿ ಮೇಲೆದ್ದು ಕಾಣುತ್ತದೆ. ನೀರಿನ ಪಾತ್ರೆಗೆ ನಾಲ್ಕು ಹನಿ ಹಾಲು ಬೆರೆಸಿ ಟಾರ್ಚ್ ಹಾಕಿದರೆ ಪಕ್ಕದಿಂದ ನೀಲಿಯ ಛಾಯೆ, ಎದುರಿನಿಂದ ಕೆಂಪಿನ ಛಾಯೆ. ಕುಣಿಗಲ್ ಕೆರೆಯ ಏರಿಯ ಮೇಲೆ ಸಂಜೆ ನಿಂತವರಿಗೆ ಮುಳುಗುವ ಸೂರ್ಯ ಕೆಂಪಾಗುವುದೇಕೆ ಎಂಬುದಕ್ಕೆ ಆ ಹಾಲಿನ ಪಾತ್ರೆಯೇ ಉತ್ತರ. ಪ್ಲಾಸ್ಟಿಕ್ ಬಾಟಲಿಯ ಬದಿಯಲ್ಲಿ ತೂತು ಮಾಡಿ, ನೀರು ಧಾರೆಯಾಗಿ ಸುರಿಯುವಾಗ ಹಿಂಬದಿಯಿಂದ ಬೆಳಕು ಬಿಟ್ಟರೆ, ಬೆಳಕು ಹೊರಗೆ ಹಾರಿಹೋಗದೆ ಬಾಗಿದ ನೀರಿನ ಒಳಗೊಳಗೇ ಹರಿದು ಬರುತ್ತದೆ. ಗ್ರಾಮ ಪಂಚಾಯಿತಿ ಕಚೇರಿಗಳಿಗೆ ಅಂತರ್ಜಾಲದ ಸಂಪರ್ಕ ಕೊಡಲು ರಸ್ತೆಯ ಬದಿ ಅಗೆದು ಹೂತ ಗಾಜಿನ ಎಳೆಯ ಕೆಲಸವೂ ಇದೇ ತತ್ತ್ವದ್ದು. ಚರಂಡಿಯಂತೆ ಅಗೆದು ಹೋದರಲ್ಲ ಎಂದು ಗೊಣಗಿದವರ ಮಕ್ಕಳಿಗೆ ಆ ಎಳೆಯ ಒಳಗೆ ಓಡುತ್ತಿರುವುದು ಬೆಳಕು ಎಂಬುದು ತಿಳಿಯಲಿ.

ನಮ್ಮ ಜಿಲ್ಲೆಗೂ ಬೆಳಕಿಗೂ ಇರುವ ನಂಟು ಈಗ ಪುಸ್ತಕದ ಮಾತಾಗಿ ಉಳಿದಿಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಮಳೆ ಕಾಣದ ನೆಲಕ್ಕೆ ಬಿಸಿಲೇ ಬೆಳೆಯಾಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಇಂಥ ಕಡೆಗಳಲ್ಲಿ ಅಳತೆಗೂ ಪರೀಕ್ಷೆಗೂ ಬೆಳಕಿನ ಉಪಕರಣಗಳು ಬೇಕೇ ಬೇಕು. ಕಾರ್ಖಾನೆ ನಮ್ಮ ಕಾವಲಿನಲ್ಲಿದ್ದು, ಒಳಗೆ ಹೋಗುವ ಎಂಜಿನಿಯರುಗಳೆಲ್ಲ ಹೊರಗಿನವರಾಗಿ, ನಮ್ಮ ಹಳ್ಳಿಯ ಹುಡುಗರಿಗೆ ಕಾವಲುಗಾರನ ಕೆಲಸವಷ್ಟೇ ಉಳಿಯಬೇಕೆ? ಭೂಮಿ ಕೊಟ್ಟ ಸೀಮೆಯ ಮಕ್ಕಳು ವಿಜ್ಞಾನವನ್ನು ಒಂಬತ್ತು ಹತ್ತನೆಯ ತರಗತಿಯಲ್ಲಿಯೇ ಹೆದರಿ ಬಿಟ್ಟುಕೊಟ್ಟರೆ ಅದೇ ಗತಿ. ಇದು ಹೊಟ್ಟೆಪಾಡಿನ ಪ್ರಶ್ನೆ.

ಈಗ ನಮ್ಮ ಸಮುದಾಯದ ಮಾತಿಗೆ ಬರೋಣ. ತುಮಕೂರು ಜಿಲ್ಲೆ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದ್ದು. ಇಲ್ಲಿ ನಮ್ಮ ಸಂಖ್ಯೆ ಸ್ವಲ್ಪ, ಮನೆಗಳು ಚದುರಿವೆ. ಬೆಳಕಿನ ಶಾಸ್ತ್ರ ನಮಗೇಕೆ, ಅದಕ್ಕೆ ಸರಕಾರವಿದೆ, ವಿಶ್ವವಿದ್ಯಾನಿಲಯವಿದೆ ಎಂದು ಸುಮ್ಮನಿರಬಹುದು. ಆದರೆ ಈ ಶಾಸ್ತ್ರದ ಚರಿತ್ರೆಯ ಪುಟಗಳನ್ನು ತಿರುವಿದರೆ ನಮ್ಮವರ ಹೆಸರುಗಳು ಎದುರಾಗುತ್ತವೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಕನ್ನಡಕ ಹುಟ್ಟಿತು. ಅದನ್ನು ಮೊದಲು ಮಾಡಿದವನು ಆ ವಿದ್ಯೆಯನ್ನು ಯಾರಿಗೂ ಹೇಳಿಕೊಡಲು ಒಪ್ಪಲಿಲ್ಲವಂತೆ. ಪೀಸಾ ನಗರದ ಡೊಮಿನಿಕನ್ ಸಭೆಯ ಸನ್ಯಾಸಿ ಅಲೆಸಾಂದ್ರೊ ದೆಲ್ಲಾ ಸ್ಪಿನಾ ಅವರು ಅದನ್ನು ನೋಡಿ ತಾವೇ ಮಾಡಲು ಕಲಿತು, ಸಂತೋಷದಿಂದ ಎಲ್ಲರಿಗೂ ಹಂಚಿದರೆಂದು ಅವರ ಮಠದ ವೃತ್ತಾಂತದಲ್ಲಿ ದಾಖಲಾಗಿದೆ. ಸ್ಪಿನಾ ತೀರಿಕೊಂಡದ್ದು 1313ರಲ್ಲಿ. ಮೊದಲು ಮಾಡಿದವನ ಹೆಸರು ಇಂದು ಯಾರಿಗೂ ಖಚಿತವಾಗಿ ತಿಳಿಯದು, ಹಂಚಿದವನ ಹೆಸರು ಉಳಿದಿದೆ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಥಿಯೊಡೊರಿಕ್ ಎಂಬ ಮತ್ತೊಬ್ಬ ಡೊಮಿನಿಕನ್ ಸನ್ಯಾಸಿ ನೀರು ತುಂಬಿದ ಗಾಜಿನ ಬುರುಡೆಯೊಂದನ್ನು ಮಳೆಹನಿಯೆಂದು ಭಾವಿಸಿ ಕಾಮನಬಿಲ್ಲಿನ ರಹಸ್ಯವನ್ನು ಬಿಡಿಸಿದರು. ಅದೇ ಕಾಲದಲ್ಲಿ, ಒಬ್ಬರನ್ನೊಬ್ಬರು ಅರಿಯದೆ, ಪರ್ಷಿಯಾದ ಮುಸ್ಲಿಂ ವಿದ್ವಾಂಸ ಕಮಾಲುದ್ದೀನ್ ಅಲ್ ಫಾರಿಸಿ ಅವರೂ ಅಂಥದೇ ಬುರುಡೆಯಿಂದ ಅದೇ ಉತ್ತರವನ್ನು ಕಂಡರು. ಕಾಮನಬಿಲ್ಲಿಗೆ ಮತಭೇದ ತಿಳಿಯದು. ಬೆಳಕು ಅಂಚಿನಲ್ಲಿ ಸ್ವಲ್ಪ ಹರಡಿಕೊಳ್ಳುತ್ತದೆ ಎಂಬುದನ್ನು ಗುರುತಿಸಿ ಅದಕ್ಕೆ ಹೆಸರಿಟ್ಟವರು ಬೊಲೊನ್ಯಾದ ಯೇಸುಸಭೆಯ ಗುರು ಗ್ರಿಮಾಲ್ಡಿ. ಅವರ ಗ್ರಂಥ ಅವರ ನಿಧನಾನಂತರ 1665ರಲ್ಲಿ ಪ್ರಕಟವಾಯಿತು. ಹಳೆಯ ಸಿ.ಡಿ.ಯೊಂದನ್ನು ಬಿಸಿಲಿಗೆ ಹಿಡಿದಾಗ ಹೊಮ್ಮುವ ಬಣ್ಣಗಳು ಆ ಗುಣದಿಂದಲೇ ಬಂದವು.

ನಮಗೆ ಇವರೆಲ್ಲರಿಗಿಂತ ಹತ್ತಿರದವರು ಫಾದರ್ ಯುಜೀನ್ ಲಾಫೋಂ. 1837ರಲ್ಲಿ ಬೆಲ್ಜಿಯಮ್ಮಿನಲ್ಲಿ ಹುಟ್ಟಿ 1865ರಲ್ಲಿ ಕಲ್ಕತ್ತೆಗೆ ಬಂದ ಈ ಯೇಸುಸಭೆಯ ಗುರುಗಳು ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ವಿಜ್ಞಾನ ಬೋಧಿಸಿದರು. ಜಗದೀಶಚಂದ್ರ ಬೋಸ್ ಅವರ ಶಿಷ್ಯರು. ಆದರೆ ಲಾಫೋಂ ಅವರ ನಿಜವಾದ ಹಿರಿಮೆ ತರಗತಿಯ ಗೋಡೆಯಾಚೆಗಿನದು. ಉಪಕರಣಗಳನ್ನು ಮುಂದಿಟ್ಟುಕೊಂಡು, ಪ್ರಯೋಗ ಮಾಡಿ ತೋರಿಸುತ್ತ, ಅವರು ಸಾಮಾನ್ಯ ನಾಗರಿಕರಿಗೆ ವಿಜ್ಞಾನದ ಉಪನ್ಯಾಸ ಮಾಡತೊಡಗಿದರು. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಅವರು ಭಾರತೀಯರಿಗಾಗಿ ವಿಜ್ಞಾನ ಸಂಸ್ಥೆಯೊಂದನ್ನು ಕಟ್ಟಲು ಹೊರಟಾಗ ಅವರ ಬೆನ್ನಿಗೆ ನಿಂತವರು ಈ ಪಾದ್ರಿ. 1876ರಲ್ಲಿ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಹುಟ್ಟಿತು. ಒಬ್ಬರು ಹಿಂದೂ ವೈದ್ಯರು, ಇನ್ನೊಬ್ಬರು ಪರದೇಶದ ಸನ್ಯಾಸಿ. ಹಲವು ವರ್ಷ ಇಬ್ಬರೂ ಅಲ್ಲಿ ಜನರಿಗೆ ಪಾಠ ಹೇಳಿದರು. ಲಾಫೋಂ ಅವರು 1908ರಲ್ಲಿ ಡಾರ್ಜಿಲಿಂಗ್‌ನಲ್ಲಿ ದೈವಾಧೀನರಾದರು. ಅದಕ್ಕೆ ಒಂದು ವರ್ಷ ಮುಂಚೆ, 1907ರಲ್ಲಿ, ಹಣಕಾಸು ಇಲಾಖೆಯ ನೌಕರಿಗಾಗಿ ಕಲ್ಕತ್ತೆಗೆ ಬಂದ ಹದಿನೆಂಟರ ತರುಣನೊಬ್ಬ ಆ ಸಂಸ್ಥೆಯ ಬಾಗಿಲು ತಟ್ಟಿದ. ಕಚೇರಿಯ ಕೆಲಸಕ್ಕೆ ಮುಂಚೆಯೂ ನಂತರವೂ ಅಲ್ಲಿ ಪ್ರಯೋಗ ಮಾಡುತ್ತ ಬೆಳೆದ. ಆ ತರುಣನೇ ಸಿ. ವಿ. ರಾಮನ್. 1928ರ ಶೋಧ ನಡೆದದ್ದು ಅದೇ ಕಟ್ಟಡದಲ್ಲಿ, ಸಹೋದ್ಯೋಗಿ ಕೆ. ಎಸ್. ಕೃಷ್ಣನ್ ಅವರ ಜೊತೆ. ಬಳಸಿದ್ದು ಸೂರ್ಯನ ಬೆಳಕು, ಅದನ್ನು ಕೇಂದ್ರೀಕರಿಸುವ ಮಸೂರ, ಬಣ್ಣದ ಶೋಧಕಗಳು, ಶುದ್ಧೀಕರಿಸಿದ ದ್ರವ, ಮತ್ತು ಬರಿಗಣ್ಣು. 1930ರಲ್ಲಿ ನೊಬೆಲ್ ಪಾರಿತೋಷಕ ಬಂತು. 1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು, 1970ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಅವರ ಸಂಶೋಧನಾಲಯ ತುಮಕೂರಿನಿಂದ ಸುಮಾರು 70 ಕಿಲೋಮೀಟರು.

ಫಾದರ್ ಲಾಫೋಂ ಅವರು ತಮ್ಮ ಉಪನ್ಯಾಸಕ್ಕೆ ಬಂದವರಲ್ಲಿ ಕಥೋಲಿಕರೆಷ್ಟು ಎಂದು ಎಣಿಸಲಿಲ್ಲ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಧರ್ಮಕೇಂದ್ರದ ಯುವಕರು ಹಳ್ಳಿಯ ಶಾಲೆಗೆ ಪೆಟ್ಟಿಗೆ ಹೊತ್ತು ಹೋದರೆ ಇವರು ಬಂದದ್ದು ಏತಕ್ಕೆ ಎಂಬ ಅನುಮಾನ ಹುಟ್ಟುವ ಕಾಲ ಇದು ಎಂದು ಹಿರಿಯರು ಅಳುಕುತ್ತಾರೆ. ಆ ಅಳುಕು ನಿರಾಧಾರವೆಂದು ತಳ್ಳಿಹಾಕಲಾರೆ. ಅದಕ್ಕೆ ಪರಿಹಾರ ಮನೆಯಲ್ಲಿ ಕೂರುವುದಂತೂ ಅಲ್ಲ. ಹೋಗುವುದು ಕಾಲೇಜಿನ ತಂಡದೊಡನೆ, ಎಲ್ಲ ಜಾತಿ ಮತಗಳ ಸಹಪಾಠಿಗಳೊಡನೆ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಸರಕಾರಿ ಶಾಲೆಯ ಕಟ್ಟಡದಲ್ಲಿಯೇ ಆಗಲಿ. ಬ್ಯಾನರಿನಲ್ಲಿ ನಮ್ಮ ಹೆಸರು ಬೇಡ. ಮಸೂರಗಳ ಖರ್ಚು, ಮಧ್ಯಾಹ್ನದ ಊಟ, ಬಸ್ಸಿನ ಚಾರ್ಜು ಇವುಗಳನ್ನು ನಮ್ಮ ಮನೆಗಳು ಹೊತ್ತರೆ ಸಾಕು. ಇದೇ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಜಾತಿ ಮತಗಳ ಎಣಿಕೆಯಿಲ್ಲದೆ ಅನ್ನ, ಅಕ್ಷರ ಪಡೆದದ್ದನ್ನು ನೋಡುತ್ತ ಬಾಳಿದವರು ನಾವು. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಊರಿನವರಿಗೆ ದಾಸೋಹದ ಅರ್ಥವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ವ್ಯವಸ್ಥೆಯ ವಿಷಯದಲ್ಲಿ ಒಂದೆರಡು ಮಾತು. ತುಮಕೂರು ವಿಶ್ವವಿದ್ಯಾನಿಲಯ 2004ರಲ್ಲಿ ಸ್ಥಾಪನೆಯಾಯಿತು. 1963ರಿಂದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವಿದೆ, ಗುಬ್ಬಿಯಲ್ಲಿಯೂ ಎಂಜಿನಿಯರಿಂಗ್ ಕಾಲೇಜಿದೆ. ವಿದೇಶದ ಸಂಸ್ಥೆಗಳ ಶಾಖೆ ತೆರೆಯುವವರೆಗೂ ಕಾಯುವ ಅಗತ್ಯವಿಲ್ಲ. ರಾಷ್ಟ್ರೀಯ ಸೇವಾ ಯೋಜನೆ 1969ರಿಂದಲೂ ನಮ್ಮ ಕಾಲೇಜುಗಳಲ್ಲಿದೆ. ಅದಕ್ಕೆ ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕು, ಏಳು ದಿನದ ಹಳ್ಳಿಯ ಶಿಬಿರದಲ್ಲಿ ಪಾಲ್ಗೊಳ್ಳಬೇಕು. ಶಿಬಿರಗಳಲ್ಲಿ ಚರಂಡಿ ಸ್ವಚ್ಛವಾಗುತ್ತದೆ, ಸಸಿ ನೆಡಲಾಗುತ್ತದೆ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ ನಡೆಯುತ್ತದೆ. ಇವು ಬೇಡವೆನ್ನುವುದಿಲ್ಲ. ಆ 120 ಗಂಟೆಗಳಲ್ಲಿ ಇಪ್ಪತ್ತನ್ನು ಬೆಳಕಿನ ಪಾಠಕ್ಕೆ ಕೊಟ್ಟು, ಒಂದೇ ಶಾಲೆಗೆ ತಿಂಗಳಿಗೊಮ್ಮೆ ಮತ್ತೆ ಮತ್ತೆ ಹೋದರೆ ಅದರ ಫಲ ಬೇರೆಯೇ ಆದೀತು. ಒಂದು ವರ್ಷದಲ್ಲಿ ನೂರು ಶಾಲೆಗಳಿಗೆ ಭೇಟಿ ಕೊಟ್ಟೆವೆಂಬ ವರದಿಗಿಂತ, ಒಂದೇ ಶಾಲೆಯ ಮಕ್ಕಳಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಿತರಾಗುವುದು ಮೇಲು. ಬಂದವರು ಹೊರಡುವಾಗ ಮಸೂರವನ್ನು ಪೆಟ್ಟಿಗೆಗೆ ಹಾಕಿಕೊಂಡು ಹೋಗಬಾರದು. ಅದು ಮಗುವಿನ ಬಳಿಯೇ ಉಳಿಯಬೇಕು, ಮನೆಗೆ ಹೋಗಬೇಕು, ಅಜ್ಜಿಯ ಅಂಗೈ ರೇಖೆಯನ್ನೂ ರಾಗಿ ತೆನೆಯ ಮೇಲಿನ ಹುಳುವನ್ನೂ ದೊಡ್ಡದು ಮಾಡಿ ತೋರಿಸಬೇಕು. ಕಳೆದರೆ ಕಳೆಯಲಿ! ಒಂದು ಜನ್ಮದಿನದ ಕೇಕಿನ ಬೆಲೆಗೆ ನಾಲ್ಕಾರು ಮಸೂರ ಬರುತ್ತವೆ.

ಕಾಲವನ್ನು ಆರಿಸುವಲ್ಲಿ ನಮ್ಮ ನಾಡಿನ ಪಂಚಾಂಗವನ್ನು ನೋಡಬೇಕು. ಫೆಬ್ರವರಿ 28 ಬರುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊಸಿಲಲ್ಲಿರುತ್ತದೆ, ಯಾರಿಗೂ ವ್ಯವಧಾನವಿರುವುದಿಲ್ಲ. ಯುನೆಸ್ಕೊ 2018ರಿಂದ ಅಂತಾರಾಷ್ಟ್ರೀಯ ಬೆಳಕಿನ ದಿನವನ್ನು ಆಚರಿಸುತ್ತಿರುವುದು ಮೇ 16ರಂದು. 1960ರ ಆ ದಿನ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. ಆಗ ನಮ್ಮಲ್ಲಿ ಬೇಸಿಗೆ ರಜೆ. ಶಾಲೆಯ ದೃಷ್ಟಿಯಿಂದ ಇದು ಅನನುಕೂಲ, ಮನೆಯ ದೃಷ್ಟಿಯಿಂದ ವರದಾನ. ಧರ್ಮೋಪದೇಶದ ಕೊಠಡಿಗಳು ವಾರದ ಆರು ದಿನ ಖಾಲಿ ಬಿದ್ದಿರುತ್ತವೆ. ಮೇ ತಿಂಗಳು ಮಾತೆ ಮರಿಯಮ್ಮನವರ ಮಾಸವಾದ್ದರಿಂದ ಸಂಜೆ ಜಪಸರಕ್ಕೆ ನೆರೆಹೊರೆಯವರು ಹೇಗೂ ಸೇರುತ್ತಾರೆ. ಕಥೋಲಿಕ ಮಕ್ಕಳಿಗೆ ಅಲ್ಲಿ, ಹಳ್ಳಿಯ ಎಲ್ಲ ಮಕ್ಕಳಿಗೆ ಶಾಲೆಯ ಅಂಗಳದಲ್ಲಿ, ಏಪ್ರಿಲ್ ಕೊನೆಯ ವಾರದಿಂದ ಮೇ 16ರವರೆಗೆ ಬಿಡುವು ಮಾಡಿಕೊಳ್ಳಬಹುದು. ಕೆಲವು ಕಾಲೇಜುಗಳಿಗೆ ಆಗಲೂ ಪರೀಕ್ಷೆ ಇರುತ್ತದೆಂಬುದು ನಿಜ. ತಂಡ ದೊಡ್ಡದಿದ್ದರೆ ಸರದಿಯಲ್ಲಿ ಬರಬಹುದು.

ಏಪ್ರಿಲ್ ಕೊನೆಯ ವಾರ ಎಂದುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಅಕ್ಷಾಂಶದಲ್ಲಿ ವರ್ಷಕ್ಕೆ ಎರಡು ದಿನ ನಡುಹಗಲಿನಲ್ಲಿ ಸೂರ್ಯ ನೆತ್ತಿಯ ನೇರಕ್ಕೆ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ಒಂದು ಏಪ್ರಿಲ್ 24ರಿಂದ 26ರ ಸುಮಾರಿಗೆ, ಇನ್ನೊಂದು ಆಗಸ್ಟ್ ಮಧ್ಯಭಾಗದಲ್ಲಿ, ಮಾತೆಯ ಸ್ವರ್ಗಾರೋಹಣದ ಹಬ್ಬ ಮುಗಿದ ಒಂದೆರಡು ದಿನಗಳಲ್ಲಿ. ಆಗಸ್ಟಿನಲ್ಲಿ ಮೋಡದ ಕಾಟ. ಏಪ್ರಿಲಿನಲ್ಲಿ ಮಧ್ಯಾಹ್ನ 12.20ರ ಆಸುಪಾಸಿನಲ್ಲಿ ಅಂಗಳಕ್ಕಿಳಿದು ನೋಡಬಹುದು. ಕುಣಿಗಲ್ ಗುಬ್ಬಿಗಿಂತ ದಕ್ಷಿಣಕ್ಕಿರುವುದರಿಂದ ಅಲ್ಲಿ ಇದು ಸುಮಾರು ಒಂದು ದಿನ ಮುಂಚೆ ಘಟಿಸುತ್ತದೆ. ಎರಡೂ ಊರಿನ ಮಕ್ಕಳು ಒಂದೇ ಅಳತೆಯ ಕೋಲು ನೆಟ್ಟು, ಎರಡೂ ದಿನ ನೆರಳನ್ನು ಅಳೆದು, ಫೋನಿನಲ್ಲಿ ಲೆಕ್ಕ ಹೇಳಿಕೊಂಡರೆ ಭೂಮಿ ದುಂಡಗಿದೆ ಎಂಬುದನ್ನು ಅಂಗಳದಲ್ಲಿಯೇ ಕಂಡಂತಾಗುತ್ತದೆ.

ಬೆಳಕಿನ ಪಾಠದಿಂದ ಒಡನೆಯೇ ಸಿಗುವ ಉಪಕಾರ ಕಣ್ಣಿನದು. ಕರಿಹಲಗೆ ಕಾಣಿಸದೆ ಪಕ್ಕದವನ ಪುಸ್ತಕ ನೋಡಿ ಬರೆಯುವ ಮಗುವನ್ನು ದಡ್ಡನೆಂದು ಕರೆದು ಹಿಂದಿನ ಬೆಂಚಿಗೆ ಕಳುಹಿಸುವುದು, ಅಲ್ಲಿ ಅದಕ್ಕೆ ಇನ್ನೂ ಕಾಣದಿರುವುದು, ಇದು ನಮ್ಮ ಶಾಲೆಗಳಲ್ಲಿ ಅಪರೂಪವಲ್ಲ. 2050ರ ಹೊತ್ತಿಗೆ ಜಗತ್ತಿನ ಅರ್ಧದಷ್ಟು ಜನರಿಗೆ ಸಮೀಪದೃಷ್ಟಿಯ ದೋಷ ಉಂಟಾಗಬಹುದೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಆರು ಮೀಟರ್ ದೂರದಲ್ಲಿ ಅಕ್ಷರಗಳ ಫಲಕ ತೂಗುಹಾಕಿ ಯಾರಿಗೆ ಕಾಣುವುದಿಲ್ಲವೆಂದು ಗುರುತಿಸಿ ಆಸ್ಪತ್ರೆಗೆ ಕಳುಹಿಸುವಷ್ಟನ್ನು ಕಾಲೇಜಿನ ವಿದ್ಯಾರ್ಥಿಗಳು ಕಲಿಯಬಲ್ಲರು. ಕನ್ನಡಕದ ನಂಬರು ಕೊಡುವುದು ವೈದ್ಯರ ಕೆಲಸ, ಅದಕ್ಕೆ ಕೈಹಾಕಬಾರದು. ಇಲ್ಲಿ ತಾಯಂದಿರಿಗೊಂದು ಮಾತು. ಹುಡುಗಿಗೆ ಕನ್ನಡಕ ಬಂದರೆ ನಾಳೆ ಗಂಡು ಹುಡುಕುವುದು ಕಷ್ಟವೆಂದು ದೋಷವನ್ನು ಮುಚ್ಚಿಡುವ ಪದ್ಧತಿ ಹಳ್ಳಿಯಲ್ಲಿಯೂ ಇದೆ, ಪಟ್ಟಣದ ನಮ್ಮ ಮನೆಗಳಲ್ಲಿಯೂ ಇದೆ. ನಿಮ್ನ ಮಸೂರ ಕಿರಣಗಳನ್ನು ಹೇಗೆ ಹರಡಿ ಚಿತ್ರವನ್ನು ಕಣ್ಣಿನ ಪರದೆಯ ಮೇಲೆಯೇ ಬೀಳುವಂತೆ ಮಾಡುತ್ತದೆ ಎಂಬುದನ್ನು ಕೈಯಾರೆ ಕಂಡ ಹುಡುಗಿ ಕನ್ನಡಕವನ್ನು ಕುಂದೆಂದು ತಿಳಿಯಲಾರಳು. ಅವಳೇ ತಾಯಿಗೆ ಬುದ್ಧಿ ಹೇಳಿಯಾಳು.

ಲೇಸರಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಇರಬೇಕು. ಜಾತ್ರೆಯಲ್ಲಿ ಮಾರುವ ಅಗ್ಗದ ಲೇಸರ್ ಟಾರ್ಚುಗಳ ಮೇಲೆ ಎಷ್ಟೋ ಬಾರಿ ಶಕ್ತಿಯ ಪ್ರಮಾಣವೇ ನಮೂದಾಗಿರುವುದಿಲ್ಲ. ಕಣ್ಣಿಗೆ ಬಿದ್ದರೆ ಶಾಶ್ವತ ಹಾನಿಯಾಗಬಹುದು. ಪ್ರಮಾಣ ನಮೂದಾಗಿರುವ, ಒಂದು ಮಿಲಿವಾಟಿಗೂ ಕಡಿಮೆ ಶಕ್ತಿಯದ್ದನ್ನೇ ತಂಡದವರು ತರಬೇಕು, ತಾವೇ ಹಿಡಿಯಬೇಕು. ಮಕ್ಕಳ ಕೈಗೆ ಮಸೂರ ಸಾಕು.

ಗ್ರಹಣಗಳನ್ನು ಕೊನೆಗೆ ಉಳಿಸಿಕೊಂಡಿದ್ದೆ. 2019ರ ಡಿಸೆಂಬರ್ 26ರಂದು, ಕ್ರಿಸ್ತಜಯಂತಿಯ ಮರುದಿನ ಬೆಳಿಗ್ಗೆ, ಕಾಸರಗೋಡಿನಲ್ಲಿಯೂ ಮಂಗಳೂರಿನಲ್ಲಿಯೂ ಸೂರ್ಯ ಬಳೆಯಾಗಿ ಕಂಡ. ನಮ್ಮ ಜಿಲ್ಲೆಗೆ ಅದು ಪಾರ್ಶ್ವ ಗ್ರಹಣ. ಬಾಗಿಲು ಕಿಟಕಿ ಮುಚ್ಚಿ ಒಳಗೆ ಕುಳಿತವರೆಷ್ಟೋ. ನಮ್ಮವರಲ್ಲಿಯೂ ಗರ್ಭಿಣಿಯರನ್ನು ಹೊರಗೆ ಬಿಡದ ಮನೆಗಳಿದ್ದವು. ಹಳೆಯ ಎಕ್ಸ್‌ರೇ ಹಾಳೆ ಹಿಡಿದು ನೋಡಿದವರು ಅವರಿಗಿಂತಲೂ ದೊಡ್ಡ ತಪ್ಪು ಮಾಡಿದರು, ಏಕೆಂದರೆ ಆ ಹಾಳೆ ಕಣ್ಣನ್ನು ಕಾಯುವುದಿಲ್ಲ. ಸುರಕ್ಷಿತವಾದ ದಾರಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿದೆ. ಒಂದು ಬದಿಗೆ ಸೂಜಿಯಿಂದ ಚುಚ್ಚಿದ ತೂತು, ಎದುರು ಬದಿಯ ಒಳಗೆ ಬಿಳಿಯ ಹಾಳೆ. ಸೂರ್ಯನಿಗೆ ಬೆನ್ನು ಮಾಡಿ ನಿಂತು ಹಾಳೆಯ ಮೇಲೆ ಬಿದ್ದ ಪುಟ್ಟ ಬಿಂಬವನ್ನು ನೋಡಬೇಕು. ಪೆಟ್ಟಿಗೆಯೂ ಇಲ್ಲದಿದ್ದರೆ ಹುಣಸೆಮರದ ಕೆಳಗೆ ನಿಂತರಾಯಿತು. ಎಲೆಗಳ ಸಂದುಗಳೇ ಸೂಜಿತೂತುಗಳಾಗಿ ನೆಲದ ತುಂಬ ಸೂರ್ಯನ ಕುಡುಗೋಲುಗಳನ್ನು ಚೆಲ್ಲುತ್ತವೆ.

2027ರ ಆಗಸ್ಟ್ 2, ಸೋಮವಾರ, ಮತ್ತೊಂದು ಸೂರ್ಯಗ್ರಹಣವಿದೆ. ಉತ್ತರ ಆಫ್ರಿಕ ಮತ್ತು ಅರೇಬಿಯದ ಕಡೆ ಪೂರ್ಣ, ನಮಗೆ ಸಂಜೆಯ ಹೊತ್ತು ಪಾರ್ಶ್ವ. ಮುಂಗಾರಿನ ಮೋಡ ದಾರಿ ಬಿಟ್ಟರೆ ಗುಬ್ಬಿ, ಕುಣಿಗಲ್ಲಿನ ಮಕ್ಕಳು ಶಾಲೆ ಬಿಟ್ಟು ಮನೆಗೆ ನಡೆಯುವ ವೇಳೆಗೆ ಸೂರ್ಯನ ಅಂಚು ಸವೆದಿರುತ್ತದೆ. ಆ ದಿನಕ್ಕೆ ಬೇಕಾದ ರಟ್ಟಿನ ಪೆಟ್ಟಿಗೆಗಳನ್ನು ಯಾವ ಕಾಲೇಜಿನ ಯಾವ ತಂಡ ಯಾವ ಶಾಲೆಯಲ್ಲಿ ಮಾಡಿಸುವುದು ಎಂಬುದನ್ನು ಗೊತ್ತುಮಾಡುವ ಕೆಲಸ ಈ ರಜೆಯಲ್ಲಿಯೇ ಆರಂಭವಾಗಬೇಕು.